ಅವ್ವನ ಗೆರಟೆ

"ಅಲ್ಲೇ ನಿಲ್ಲು! ಹೊಸ್ತಿಲು ದಾಟಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಮುತ್ತ ಒಳಗಿನಿಂದ ಗದರಿದ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಚಿಕ್ಕಿ ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡು, ಕೈಯಲ್ಲಿದ್ದ ತೆಂಗಿನ ಗೆರಟೆಯನ್ನು ಜಗಲಿಯ ಮೇಲಿಟ್ಟಳು. ಸೊಸೆ ಚಿನ್ನಮ್ಮ ಗಂಡನ ಮುಖ ನೋಡಿದಳು. ಆಮೇಲೆ ಸೌಟನ್ನು ಗೆರಟೆಗೆ ತಾಗಿಸದೆ ಮೇಲಿನಿಂದಲೇ ಗಂಜಿ ಸುರಿದಳು. ಅರ್ಧ ನೆಲಕ್ಕೆ ಚೆಲ್ಲಿತು... ಮುದುಕಿ ಚೆಲ್ಲಿದ್ದನ್ನು ಅಂಗೈಯಲ್ಲಿ ಬಳಿದುಕೊಂಡಳು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಗಾಳಿಬೀಡಿನ ಆಚೆ ಕಾಫಿ ತೋಟವೊಂದರಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿ ಈ ಸಂಸಾರ ಇತ್ತು. ಮುತ್ತ, ಚಿನ್ನಮ್ಮ ಇಬ್ಬರೂ ಹಿಂದಿನ ವರ್ಷ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದರು. ಚಿಕ್ಕಿ ಮಾತ್ರ ಒಪ್ಪಿರಲಿಲ್ಲ. ಮರುದಿನ ಭಾನುವಾರ ಮಡಿಕೇರಿಯಿಂದ ಪಾದ್ರಿಗಳು ಬರುವವರಿದ್ದರು. ಮುತ್ತ ಮೊದಲ ಸಲ ಕರ್ತನ ಭೋಜನಕ್ಕೆ ಹೋಗಬೇಕಿತ್ತು. ಎಲ್ಲರ ಜೊತೆ, ಒಂದೇ ಪಾತ್ರೆಗೆ ಬಾಯಿಟ್ಟು ದ್ರಾಕ್ಷಾರಸ ಕುಡಿಯುವುದು! ಯಾರ ಮನೆಯ ಚೊಂಬನ್ನೂ ಮುಟ್ಟಬಾರದ ಜನರಲ್ಲಿ ಹುಟ್ಟಿದವನಿಗೆ ಅದಕ್ಕಿಂತ ದೊಡ್ಡ ಆಸೆ ಇನ್ನೇನಿರುತ್ತದೆ?

ಆದರೆ ಮೊಮ್ಮಗಳಿಗೆ ಜ್ವರ ಏರಿದಾಗ ಚಿಕ್ಕಿ ಯಾರಿಗೂ ಹೇಳದೆ ಗುಳಿಗ ದೈವದ ಕಲ್ಲಿಗೆ ಕೋಳಿ ಕೊಟ್ಟು ಬಂದಿದ್ದಳು. ಮಗು ಬದುಕಿತು. ಮುತ್ತ ಮಾತ್ರ ಬೆಂಕಿಯಾದ. ಈ ಸುದ್ದಿ ಪಾದ್ರಿಗಳಿಗೆ ಮುಟ್ಟಿದರೆ ತನ್ನನ್ನು ಭೋಜನಕ್ಕೆ ಸೇರಿಸುವುದಿಲ್ಲ ಎಂಬ ಭಯ ಅವನಿಗೆ. ಅಂದಿನಿಂದ ತಾಯಿಗೆ ಜಗಲಿ, ತಾಯಿಗೆ ಗೆರಟೆ. ಅದನ್ನೇ ಭಕ್ತಿ ಎಂದುಕೊಂಡಿದ್ದ, ಮೂರ್ಖ!

ಹಾಗೆಂದು ಅವನಿಗೆ ಕಲಿಸಿದವರು ಕೆಟ್ಟವರಲ್ಲ. ಉಪದೇಶಿ ಶಾಂತಪ್ಪನವರು ತಲೆ ನರೆತ ಮನುಷ್ಯ. ಬಾಯಿಪಾಠ ಕಡಿಮೆ, ಕೈಕೆಲಸ ಹೆಚ್ಚು. ವಿಧವೆಯ ಮನೆಗೆ ಮುತ್ತನ ಕೈಯಲ್ಲಿ ಸೌದೆ ಒಡೆಸಿ ಹಾಕಿಸಿ ಆಮೇಲೆ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಪಕ್ಕದ ಮನೆಯ ಸುಬ್ಬನಿಗೆ ವಾಂತಿಭೇದಿಯಾದಾಗ ಕಂಬಳಿಯಲ್ಲಿ ಹೊತ್ತು ಆಸ್ಪತ್ರೆಗೆ ಸಾಗಿಸಿದ್ದು ಅವರೂ ಮುತ್ತನೂ ಇಬ್ಬರೇ. ಮುತ್ತ ತೋಟದ ಲೆಕ್ಕ ಬರೆಯುವ ರೈಟರನ್ನು ಬಾಯಿಗೆ ಬಂದಂತೆ ಬೈದಿದ್ದಾಗ, ಕ್ಷಮೆ ಕೇಳಲು ಜೊತೆಯಲ್ಲಿ ಹೋಗಿ ನಿಂತವರೂ ಅವರೇ. ಅಷ್ಟೆಲ್ಲ ಕಲಿತವನಿಗೆ ತನ್ನ ಮನೆಯ ಜಗಲಿ ಕಾಣಲಿಲ್ಲ!

ಅದೇ ಶನಿವಾರ ಸಂಜೆ ಶಾಂತಪ್ಪನವರು ಹೆಂಡತಿ ಎಲಿಸಮ್ಮನ ಜೊತೆ ಹೇಳದೆ ಕೇಳದೆ ಬಂದರು.

"ಬನ್ನಿ ಅಯ್ಯಾ, ಒಳಗೆ ಬನ್ನಿ! ಏ ಚಿನ್ನಾ, ಕಾಫಿ ಕಾಸು!" ಮುತ್ತ ಗಡಬಡಿಸಿದ.

ಶಾಂತಪ್ಪನವರು ಒಳಗೆ ಹೋಗಲಿಲ್ಲ. ಚಿಕ್ಕಿಯ ಪಕ್ಕದಲ್ಲೇ ಕುಳಿತರು.

"ಎಂತ ಚಿಕ್ಕಿ, ಹೊರಗೆ ಕೂತಿದ್ದೀ? ಚಳಿ ಆಗೋದಿಲ್ವಾ?"

"ಒಳಗೆ ಹೊಗೆ ಅಯ್ಯಾ... ಕಣ್ಣು ಉರೀತದೆ."

ಮಗನ ಮಾನ ಉಳಿಸಲು ಮುದುಕಿ ಆಡಿದ ಸುಳ್ಳು! ಎಲಿಸಮ್ಮ ನೆಲದಲ್ಲಿ ಒಣಗಿದ ಗಂಜಿಯ ಕಲೆಯನ್ನೂ ಗೆರಟೆಯನ್ನೂ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿನ್ನಮ್ಮ ಲೋಟದಲ್ಲಿ ಕಾಫಿ ತಂದಳು. ಶಾಂತಪ್ಪನವರು ಲೋಟ ತೆಗೆದುಕೊಳ್ಳಲಿಲ್ಲ, ಗೆರಟೆಯನ್ನು ಮುಂದೆ ಹಿಡಿದರು.

"ಇದಕ್ಕೆ ಹಾಕಮ್ಮ."

"ಅಯ್ಯಯ್ಯೋ, ಅದು ಅವ್ವಂದು!" ಮುತ್ತ ಕೂಗಿದ. "ಅವಳದು ಗುಳಿಗನಿಗೆ ಕೋಳಿ ಕೊಟ್ಟ ಕೈ! ಬೇರೆಯಾಗಿರಬೇಕು ಅಂತ ನೀವೇ ಪಾಠ ಹೇಳಿದ್ರಲ್ಲ?"

"ಹೇಳಿದೆ ಮಾರಾಯ..." ಶಾಂತಪ್ಪನವರು ಗೆರಟೆಯನ್ನು ತಿರುಗಿಸಿ ನೋಡಿದರು. "ಅವತ್ತು ಮಳೆ ಬಂತು ಅಂತ ಪಾಠ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದೆ. ಕಲ್ಲಿನಿಂದ ಬೇರೆಯಾಗು ಅಂದದ್ದು ಕಣೋ, ಹೆತ್ತವಳಿಂದ ಅಲ್ಲ! ಗೆರಟೆಯಲ್ಲಿ ಕುಡಿಸೋದು ನಿಂಗೆ ಯಾರು ಕಲಿಸಿದ್ದು? ನಾನಾ? ಹೇಳು!"

ಕಲಿಸಿದವರು ಯಾರೆಂದು ಮುತ್ತನಿಗೆ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ, ನಾಟಿಯ ದಿನ, ಒಡೆಯರ ಅಂಗಳ. ಬಾಯಾರಿ ಚೊಂಬಿಗೆ ಕೈಯಿಟ್ಟಿದ್ದ. ಬೆನ್ನ ಮೇಲೆ ಬೆತ್ತ ಬಿತ್ತು. ಆಮೇಲೆ ಗೆರಟೆಗೆ ಮೇಲಿನಿಂದ ನೀರು ಸುರಿದರು. ಮನೆಗೆ ಬಂದ ಅವ್ವ ಅವನನ್ನು ತಬ್ಬಿಕೊಂಡು, "ನಮ್ಮ ಮನೇಲಿ ನೀ ಯಾವತ್ತೂ ಗೆರಟೆ ಮುಟ್ಟೋದು ಬೇಡ ಮಗಾ" ಅಂದಿದ್ದಳು. ಕಾಲ್ಬೆರಳಿನ ಬೆಳ್ಳಿ ಉಂಗುರ ಮಾರಿ ಮಡಿಕೇರಿ ಸಂತೆಯಿಂದ ಕಂಚಿನ ಬಟ್ಟಲು ತಂದಿದ್ದಳು. ಇವತ್ತಿಗೂ ಅವನು ಉಣ್ಣುವುದು ಅದರಲ್ಲೇ...

ನಾಚಿಕೆಯಿಂದ ಅವನ ಮೈಯೆಲ್ಲ ಸುಟ್ಟಿತು. ತಾಯಿಯ ಮುಖ ನೋಡಲಾರದೆ ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ಶಾಂತಪ್ಪನವರು ಗೆರಟೆಯಲ್ಲೇ ಕಾಫಿ ಕುಡಿದು, ತೊಳೆದಿಟ್ಟು, ಎಲಿಸಮ್ಮನ ಜೊತೆ ಹೊರಟುಹೋದರು.

ಭಾನುವಾರ ಪ್ರಾರ್ಥನಾ ಮನೆಯಲ್ಲಿ ಪಾದ್ರಿಗಳು ಮುತ್ತನ ಹೆಸರು ಕರೆದರು. ಅವನು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಏಳಲಿಲ್ಲ. ಜನ ತಿರುಗಿ ನೋಡಿದರು, ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಶಾಂತಪ್ಪನವರು ಎದ್ದರು. ಪಾತ್ರೆಯ ಕಡೆಗಲ್ಲ, ಹಿಂದಕ್ಕೆ ನಡೆದು ಬಂದು ಅವನ ಪಕ್ಕದಲ್ಲಿ ಕುಳಿತರು.

"ಅಯ್ಯಾ, ನೀವು ಹೋಗಿ... ತಪ್ಪು ನಂದು."

"ಅರ್ಧ ನಂದೂ ಉಂಟು. ಸುಮ್ನೆ ಕೂತ್ಕೊ."

ಪಾತ್ರೆ ಎಲ್ಲರನ್ನೂ ದಾಟಿ ಮೇಜಿಗೆ ಮರಳಿತು. ಗುರುವೂ ಶಿಷ್ಯನೂ ಒಣ ಬಾಯಲ್ಲಿ ಕುಳಿತೇ ಇದ್ದರು.

ಮನೆಗೆ ಬಂದಾಗ ಚಿಕ್ಕಿ ಜಗಲಿಯಲ್ಲೇ ಇದ್ದಳು.

"ನಿನ್ನ ದೇವರ ಊಟ ಆಯ್ತಾ ಮಗಾ? ಹೊಟ್ಟೆ ತುಂಬಿತಾ?"

"ಇಲ್ಲ ಅವ್ವಾ... ಹಸಿವಾಗಿದೆ."

ಅವನು ಒಳಗೆ ಹೋಗಿ ಕಂಚಿನ ಬಟ್ಟಲಿಗೆ ಗಂಜಿ ಹಾಕಿ ತಂದು ಅವಳ ಮುಂದಿಟ್ಟ. ಗೆರಟೆಯನ್ನು ತನ್ನ ಮುಂದೆ ಎಳೆದುಕೊಂಡು ಅದಕ್ಕೂ ಗಂಜಿ ಸುರಿದುಕೊಂಡ. ಬಾಯಿಯವರೆಗೆ ಎತ್ತಿದ್ದ, ಅಷ್ಟೇ. ಮುದುಕಿ ಗೆರಟೆಯನ್ನು ಕಿತ್ತುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಅಂಗಳದ ಕಲ್ಲಿಗೆ ಬೀಸಿದಳು. ಅದು ಹೋಳಾಯಿತು.

"ಬೇಡ ಅಂದಿದ್ದೆ ತಾನೇ ಅವತ್ತೇ!" ಅವಳ ದನಿ ಒಡೆಯಿತು. "ನನ್ನ ಕಣ್ಣೆದುರು ನೀ ಗೆರಟೆ ಮುಟ್ತೀಯಾ? ಅದನ್ನ ನೋಡೋಕೆ ಬದುಕಿದ್ದೀನಾ ನಾನು?"

"ಅವ್ವಾ, ಒಳಗೆ ಬಾ... ನಿನ್ನ ಕಾಲಿಗೆ ಬೀಳ್ತೀನಿ..."

"ಇವತ್ತು ಬೇಡ ಮಗಾ. ಬರ್ತೀನಿ, ನಿಧಾನಕ್ಕೆ. ಈಗ ಉಣ್ಣು."

ಬಟ್ಟಲನ್ನು ಇಬ್ಬರ ನಡುವೆ ತಳ್ಳಿದಳು. ತಾನು ಒಂದು ಗುಟುಕು ಕುಡಿದು ಅವನ ಬಾಯಿಗೆ ಹಿಡಿದಳು. ಮುತ್ತ ಕಣ್ಣು ಮುಚ್ಚಿ ಅವ್ವನ ಎಂಜಲು ಗಂಜಿಯನ್ನು ನುಂಗಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಚಿನ್ನಮ್ಮ ಹೊಸ್ತಿಲು ದಾಟಿ ಹೊರಗೆ ಬಂದು, ಅತ್ತೆಯ ಕಾಲ ಬಳಿ ಕುಳಿತಳು.