ಅಲ್ಯೂಮಿನಿಯಂ ಕಹಳೆ

೧೯೩೭ರ ಜನವರಿ ೧೮, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ವ್ಯಾಪಾರಿ ದೇವಿದಾಸ ಕಾರವಾರ ಠಾಣೆಗೆ ಬಂದು ಫಿರ್ಯಾದಿ ಕೊಟ್ಟರು. ಮುಂಬಯಿಯಿಂದ ಹಡಗಿನಲ್ಲಿ ತರಿಸಿದ ಅಲ್ಯೂಮಿನಿಯಂ ತಗಡಿನ ಕಟ್ಟಿನಿಂದ ಎರಡು ತಗಡು ಕಾಣೆಯಾಗಿದ್ದವು. ಫೌಜದಾರ ಮಾಸೂರಕರ ಎಫ್‌ಐಆರ್ ಬರೆಸಿ, ದೇವಿದಾಸರನ್ನೂ ಪೇದೆ ಬೀರಣ್ಣನನ್ನೂ ಕರೆದುಕೊಂಡು ಬಂದರಿನ ಗೋದಾಮಿಗೆ ನಡೆದರು. ಹಿಂಬದಿ ಕಿಟಕಿಯ ಸರಳು ಬಾಗಿತ್ತು. ಪಂಚನಾಮೆ ಮುಗಿದಾಗ ಹನ್ನೊಂದೂವರೆ.

"ಬಿಡಿ ತಗಡು ಕೇಳಿ ಯಾರಾದ್ರೂ ಬಂದಿದ್ರಾ?" ಎಂದು ಮಾಸೂರಕರ ಕೇಳಿದರು.

"ಹೋದ ವಾರ ಅಂಕೋಲೆಯ ಕಂಚುಗಾರ ಬೊಮ್ಮಯ್ಯ ಬಂದಿದ್ದ," ಎಂದರು ದೇವಿದಾಸ. "ಎರಡೇ ಸಾಕು ಅಂದ. ಕಟ್ಟು ಒಡೆದು ಮಾರೂದಿಲ್ಲ ಅಂತ ಕಳಿಸ್ದೆ."

ಹಿತ್ತಾಳೆ ಬಡಿಯುವವನಿಗೆ ಈ ಬಿಳಿ ತಗಡು ಯಾಕೆ? ಮಾಸೂರಕರರಿಗೆ ಅರ್ಥವಾಗಲಿಲ್ಲ. ಮರುದಿನ ಬೀರಣ್ಣನೊಡನೆ ಸರ್ವಿಸ್ ಮೋಟಾರು ಹತ್ತಿ ಬಿಣಗಾ, ಅಮದಳ್ಳಿ ದಾಟಿ ಅಂಕೋಲೆ ಸೇರಿದರು. ಬೊಮ್ಮಯ್ಯನ ಕುಲುಮೆಯ ಬಳಿ ಬಿಳಿ ತಗಡಿನ ಚೂರುಗಳು ಬಿದ್ದಿದ್ದವು.

"ಇದು ಎಲ್ಲಿಂದ ಬಂತು?"

ಬೊಮ್ಮಯ್ಯ ಒಳಗೆ ಹೋಗಿ, ಮಾರುದ್ದದ ಬಿಳಿ ಕಹಳೆಯೊಂದನ್ನು ತಂದು ಮುಂದಿಟ್ಟ.

"ನಾನೇ ಕದ್ದದ್ದು, ಒಡ್ಯಾ. ಇದಕ್ಕೆ ನಮ್ಮ ಬೆಸುಗೆ ಹಿಡೀಲಿಲ್ಲ. ಅಂಚು ಮಡಿಸಿ ಮೊಳೆ ಹೊಡ್ದೆ, ಸಂದಿಗೆ ಮೇಣ ತುಂಬ್ದೆ."

"ಹಿತ್ತಾಳೆಗೆ ಏನಾಗಿತ್ತು?"

"ಭಾರ."

ಬಾಗಿಲಲ್ಲಿ ಅವನ ಅಣ್ಣ ಸೋಮು ನಿಂತಿದ್ದ; ಎಡಗೈ ಜೋತುಬಿದ್ದಿತ್ತು. ಮೂವತ್ತು ವರ್ಷ ಮದುವೆ ದಿಬ್ಬಣಗಳ ಮುಂದೆ ಕಹಳೆ ಊದಿದವನು. ಕಳೆದ ಮಳೆಗಾಲದಲ್ಲಿ ಕೈಗೆ ಲಕ್ವ ಹೊಡೆದ ಮೇಲೆ ಹಿತ್ತಾಳೆಯ ಕಹಳೆ ಎತ್ತಲಾಗದೆ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದ. ತಮ್ಮ ಮೊದಲು ಡಬ್ಬಿಯ ತಗಡಿನಲ್ಲಿ ಮಾಡಿ ನೋಡಿದ್ದ. ಅದು ಬರೀ ಗುರುಗುಟ್ಟಿತು.

"ಕದ್ದು ತಂದದ್ದು ಅಂತ ನಂಗೆ ಗೊತ್ತಿರ್ಲಿಲ್ಲ, ಒಡ್ಯಾ," ಎಂದ ಸೋಮು. ತಮ್ಮನ ಕಡೆ ನೋಡಲಿಲ್ಲ.

ಬೀರಣ್ಣ ಜಪ್ತಿ ಪಂಚನಾಮೆಗೆ ಕಾಗದ ಬಿಚ್ಚಿದ. "ಸಾಹೇಬ್ರೆ, ಏನಂತ ಬರೀಲಿ? ತಗಡು ಅಂತ್ಲಾ, ಕಹಳೆ ಅಂತ್ಲಾ?"

ಫೌಜದಾರರು ಕಹಳೆಯನ್ನು ಸೋಮುವಿನ ಕಡೆ ಚಾಚಿದರು. "ಊದಿ ನೋಡು."

ಸೋಮು ಒಂದೇ ಕೈಯಲ್ಲಿ ಎತ್ತಿದ. ಮೊದಲು ಬರೀ ಉಸಿರು ಹೊರಟಿತು. ಆಮೇಲೆ ದನಿ ಎದ್ದಿತು. ಹಿತ್ತಾಳೆಯ ತುಂಬುತನ ಅದಕ್ಕಿರಲಿಲ್ಲ. ಆದರೂ ಕೇರಿ ದಾಟಿತು, ಬಾವಿಕಟ್ಟೆಯ ಹೆಂಗಸರು ತಿರುಗಿ ನೋಡಿದರು. ಸೋಮುವಿನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಮಾತ್ರ ಉಸಿರು ಮುಗಿಯುವವರೆಗೆ ನಿಲ್ಲಿಸಲಿಲ್ಲ.

ಬೊಮ್ಮಯ್ಯ ಕಣ್ಣು ಮುಚ್ಚಿ ಕೇಳಿದ. "ಕಹಳೆ ಬಾಯಿ ಇನ್ನೊಂದು ಬೆರಳು ಅಗಲ ಮಾಡ್ಬೇಕಿತ್ತು," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಬೇಡಿಗೆ ಎರಡೂ ಕೈ ಮುಂದೆ ಮಾಡಿದ.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಪಂಚನಾಮೆಯ ಸಾಲನ್ನು ಫೌಜದಾರರು ತಾವೇ ಬರೆದರು: ಅಲ್ಯೂಮಿನಿಯಂ ಕಹಳೆ, ಒಂದು. ನುಡಿಯುತ್ತದೆ.