ಒಂದಾಣೆ ರಾಜನ ಕೊರಳಲ್ಲೊಂದು ತೂತು

ಜನವರಿ ಐದರ ಬೆಳಿಗ್ಗೆ ತಮಿಳುನಾಡಿನ ಕಂಬಂ ಕಣಿವೆಯ ಠಾಣೆಯೊಂದಕ್ಕೆ ಬಂದ ದೂರು ಕಳ್ಳತನದ್ದಲ್ಲ, ಹೊಡೆದಾಟದ್ದೂ ಅಲ್ಲ. ಒಂದು ಬಾಗಿಲನ್ನು ಯಾರು ತೆರೆಯಬೇಕು ಎಂಬುದರ ಬಗ್ಗೆ.

ದೂರುದಾರ ಲಕ್ಷ್ಮಣನ್, ವಯಸ್ಸು ಐವತ್ತೆಂಟು, ದಿಂಡುಗಲ್ಲಿನಲ್ಲಿ ಬೀಗದ ವ್ಯಾಪಾರ. ಅವನ ಊರಲ್ಲಿ ಕನ್ನಡದ ಒಕ್ಕಲು ಮನೆತನಗಳಿಗೆ ಸೇರಿದ ಒಂದು ತೊಳು ಇದೆ. ಎಂದರೆ ದೇವರಿಗೆ ಬಿಟ್ಟ ದನಗಳ, ಅಲ್ಲಿಯವರ ಮಾತಲ್ಲಿ 'ಸಾಮಿ ಮಾಡು'ಗಳ, ದೊಡ್ಡಿ. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಅದರ ಬಾಗಿಲು ತೆರೆದು ಪಟ್ಟದ ಹೋರಿಯನ್ನು ಹೊರಗೆ ಕರೆತರುವ ಮೊದಲ ಮರ್ಯಾದೆ ಲಕ್ಷ್ಮಣನ್ ಮನೆಯದು. ಈ ಸಲ ಅವನ ದಾಯಾದಿ ಶಿವಬಾಲನ್ ಊರ ಕೂಟದ ಮುಂದೆ 1931ರ ರಸೀತಿಯೊಂದನ್ನು ಇಟ್ಟಿದ್ದ. ತೊಳುವಿಗೆ ಜಾಗ ಬಿಟ್ಟುಕೊಟ್ಟವನು ಶಿವಬಾಲನ ತಾತ, ಆದ್ದರಿಂದ ಬಾಗಿಲು ತೆರೆಯುವ ಹಕ್ಕು ಅವನ ವಂಶಕ್ಕೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಬ್ರಿಟಿಷರ ಕಾಲದ ಒಂದಾಣೆಯ ಕಂದಾಯ ಸ್ಟಾಂಪು, ಅದರ ಮೇಲೆ ಅಂದಿನ ಊರ ಹಿರಿಯನ ಸಹಿ. ಸ್ಟಾಂಪು ನೋಡಿದ್ದೇ ಕೂಟ ತಲೆಯಾಡಿಸಿತ್ತು. ನಮ್ಮ ಜನಕ್ಕೆ ರಾಜನ ತಲೆ ಅಂಟಿಸಿದ ಕಾಗದ ಎಂದರೆ ಈಗಲೂ ವೇದವಾಕ್ಯ.

"ಪೊಯ್ ಪತ್ರಂ ಮೇಡಂ, ಎಲ್ಲಾ ಸುಳ್ಳು," ಎಂದ ಲಕ್ಷ್ಮಣನ್.

ಇನ್‌ಸ್ಪೆಕ್ಟರ್ ಜೆಯಂತಿ ತೇವಾರಂ ಕಡೆಯವಳು. ಮನೆಮಾತು ಅದೇ ಕನ್ನಡ.

"ಏನ್ ಆದಾರ ಅಣ್ಣಾ?"

"ಅವನಿಗೆ ಹೊಟ್ಟೆಯುರಿ. ಅದೇ ಆದಾರ."

"ಹೊಟ್ಟೆಯುರಿಗೆ ಕಲಮು ಇಲ್ಲ."

ಲಕ್ಷ್ಮಣನ್ ಕೇಳದೆಯೇ ಹೇಳಿದ: "ಆ ಹೋರಿ ಅವನ್ ಕೂಗಿದ್ರೆ ಮಾತ್ರ ಬತ್ತದೆ ಮೇಡಂ. ನಾನ್ ಕೂಗಿದ್ರೆ ತಿರುಗಿ ಕೂಡ ನೋಡಲ್ಲ." ಹೊಟ್ಟೆಯುರಿ ಒಂದೇ ಮನೆಯಲ್ಲಿಲ್ಲ ಎಂದು ಜೆಯಂತಿಗೆ ಆಗಲೇ ಗೊತ್ತಾಯಿತು.

ಖೊಟ್ಟಿ ದಾಖಲೆಯ ಕಲಮುಗಳ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಅಳಗರ್‌ನೊಂದಿಗೆ ಜೆಯಂತಿ ತೊಳುವಿಗೆ ಹೋದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಾಗ ಶಿವಬಾಲನ್ ಸಗಣಿ ಬಾಚುತ್ತಿದ್ದ. ಇಪ್ಪತ್ತು ವರ್ಷದಿಂದ ಅವನದೇ ಆ ಕೆಲಸ. ಸಂಬಳವಿಲ್ಲ, ಹರಕೆಯಂತೆ ಮಾಡುತ್ತಿದ್ದ. "ಬಾ ಸಾಮೀ" ಎಂದು ಅವನು ಮೆಲ್ಲಗೆ ಕರೆದರೆ ಸಾಕು, ಆಳೆತ್ತರದ ಹೋರಿ ಬಂದು ಅವನ ಹೆಗಲಿಗೆ ಮುಸುಡಿ ಒರಸುತ್ತಿತ್ತು. ರಸೀತಿಯನ್ನು ಅವನು ತಕರಾರಿಲ್ಲದೆ ಕೊಟ್ಟ. ಪಂಚರ ಮುಂದೆ ಪಂಚನಾಮೆ ಆಯಿತು.

"ಎಲ್ಲಿ ಸಿಕ್ತು ಅಣ್ಣಾ?"

"ತಾತನ ಪೆಟ್ಟಿಗೇಲಿ."

"ಇಷ್ಟ್ ದಿನ ಯಾಕೆ ತೋರಿಸ್ಲಿಲ್ಲ?"

"ಇಷ್ಟ್ ದಿನ ಯಾರ್ ಕೇಳಿದ್ರು ತಂಗೀ?"

ಮರುದಿನ ಜೆಯಂತಿ, ಅಳಗರ್ ಇಬ್ಬರೂ ರಸೀತಿ ಹಿಡಿದು ಬತ್ತಲಗುಂಡು ದಾರಿಯಾಗಿ ದಿಂಡುಗಲ್ಲಿಗೆ ಹೋದರು. ಅಲ್ಲಿನ ದುರೈ ಎಂಬವನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಹಳೆಯ ಕಂದಾಯ ಸ್ಟಾಂಪು ಕೂಡಿಡುವುದೇ ಅವನ ಹುಚ್ಚು. ಭೂತಗನ್ನಡಿ ಹಿಡಿದು ನೋಡಿದ.

"ರಾಜ ಐದನೇ ಜಾರ್ಜ್. 1931ಕ್ಕೆ ಇವನೇ ಇರಬೇಕು. ಬಣ್ಣ ಕಂದು, ಬೆಲೆ ಒಂದಾಣೆ, ಅಂಚೆಗೂ ಕಂದಾಯಕ್ಕೂ ನಡೆಯುತ್ತಿದ್ದ ಸ್ಟಾಂಪು. ಅಸಲಿ."

ಅಳಗರ್ ನಿಟ್ಟುಸಿರು ಬಿಟ್ಟ. ಕೇಸು ಅಲ್ಲಿಗೆ ಮುಗಿಯಿತೆಂದೇ ಅವನ ಲೆಕ್ಕ.

ದುರೈ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಒಂದು ನಿಮಿಷ. ರಾಜನ ಕೊರಳ ಹತ್ತಿರ ತೂತಿದೆ ನೋಡಿ. ಆ ಕಾಲದಲ್ಲಿ ರಸೀತಿಗಳನ್ನು ಕಂಬಿಗೆ ಚುಚ್ಚಿ ಇಡುತ್ತಿದ್ದರು. ಸ್ಟಾಂಪಿಗೆ ಕಂಬಿ ಚುಚ್ಚಿದೆ, ಕೆಳಗಿನ ಕಾಗದಕ್ಕೆ ಚುಚ್ಚಿಲ್ಲ. ಬೆಳಕು ಈಚೆ ಬರುತ್ತಿಲ್ಲ."

"ಅಂದರೆ?"

"ಸ್ಟಾಂಪು ಸಹಿಯ ಸಮೇತ ಬೇರೆ ಯಾವುದೋ ರಸೀತಿಯಿಂದ ಕಿತ್ತದ್ದು. ಇನ್ನೊಂದು ಮಾತು. ಅಂದಿನ ಸ್ಟಾಂಪಿಗೆ ಹಿಂದೆ ಅಂಟು ಇರುತ್ತಿತ್ತು, ನಾಲಿಗೆಗೆ ಒತ್ತಿ ಹಚ್ಚುತ್ತಿದ್ದರು. ಇಲ್ಲಿ ಅಂಚಿನಲ್ಲಿ ಉಕ್ಕಿರುವುದು ಮರದ ಗೋಂದು, ಅದರಲ್ಲಿ ಅರಿಶಿನ. ಹೊಸತು. ಹೀಗೆ ಅಂಟಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ."

ಕಂಬಿಗೆ ಚುಚ್ಚಿದ ರಸೀತಿಗಳು ಯಾರ ಮನೆಯಲ್ಲಿವೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಲಕ್ಷ್ಮಣನ್‌ನ ಊರಮನೆಯ ಅಟ್ಟದಲ್ಲೇ ಒಂದು ಕಂಬಿ ನೇತಾಡುತ್ತಿತ್ತು. ಅದರಲ್ಲಿದ್ದ 1930ರ ಒಂದು ಹತ್ತಿ ಮಾರಾಟದ ರಸೀತಿಯಲ್ಲಿ ಸ್ಟಾಂಪಿನ ಜಾಗ ಬೋಳಾಗಿತ್ತು; ನಡುವೆ ತೂತು, ಅಳತೆ ಸರಿಯಾಗಿ ಕೂತಿತು. ಎರಡನೇ ಪಂಚನಾಮೆ ಬರೆದದ್ದಾಯಿತು. ಆ ಮನೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಂದು ಲಕ್ಷ್ಮಣನ್ ಬಳಿ, ಇನ್ನೊಂದು ವಾರಕ್ಕೊಮ್ಮೆ ಅಲ್ಲಿ ದೀಪ ಹಚ್ಚುವ ಶಿವಬಾಲನ್ ಬಳಿ.

ಠಾಣೆಗೆ ಕರೆಸಿದರೆ ಶಿವಬಾಲನ್ ನೆಟ್ಟಗೆ ಕೂತ.

"ಅವನೇ ಕಿತ್ತಿರ್ತಾನೆ. ನನ್ನ ಸಿಕ್ಕಿಸಾಕೆ. ಪೆಟ್ಟಿಗೇಲೂ ಅವನೇ ಇಟ್ಟಿರ್ತಾನೆ."

"ಅಂಟಿಸಿದ್ ಯಾರು?"

"ನಂಗೆ ಗೋಂದಿನ ವಿಸಯ ತಿಳೀದು."

ಗೋಂದು ಎಂದು ಅವಳು ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಹೆಗಲು ಮುಟ್ಟಿದ್ದನ್ನು ಕೋರ್ಟು ಸಾಕ್ಷಿ ಎಂದು ಒಪ್ಪುವುದಿಲ್ಲ. ಜೆಯಂತಿ ಅವನನ್ನು ಕಳಿಸಿಕೊಟ್ಟಳು.

ಹದಿಮೂರರ ಸಂಜೆ ಅವಳು ತೊಳುವಿಗೆ ಹೋದಳು. ಹಬ್ಬದ ಕರೆಯೋಲೆಗಳನ್ನು ಅಂಟಿಸುತ್ತ ಶಿವಬಾಲನ ತಾಯಿ ಮುನಿಯಮ್ಮಾಳ್ ಒಬ್ಬಳೇ ಕೂತಿದ್ದಳು. ಮುಂದೆ ತೆಂಗಿನ ಚಿಪ್ಪಿನಲ್ಲಿ ಹಳದಿ ಗೋಂದು.

"ಅಂಟಿಸೋಕೆ ಅನ್ನದ ಪಸೆ ಸಾಲ್ದಾ ಅವ್ವಾ?"

"ಅಯ್ಯೋ ಕಣ್ಣೂ, ಸಾಮಿ ಕಾಗಿದಕ್ಕೆ ಅನ್ನ ಹಚ್ಚಿದ್ರೆ ಮುಸುರೆ ಅಲ್ವಾ? ನಾಲಿಗೆ ತಾಕಿದ್ರೆ ಎಂಜಲು. ವೇಲಂಮರದ ಗೋಂದು, ಅರಿಶಿಣ, ಅಷ್ಟೇ. ಮಡೀಲಿ ಕಲಸಬೇಕು."

"ಯಾರ್ ಕಲಸೋದು?"

ಮುದುಕಿಯ ಮುಖ ಅರಳಿತು. "ನನ್ ಮಗನೇ! ಬೇರೆ ಯಾವನ್ ಬತ್ತಾನೆ? ಲಕ್ಷ್ಮಣನ್ ವರ್ಸಕ್ಕೊಂದ್ ದಿನ ಕಾರಲ್ಲಿ ಬಂದು ಬಾಗಿಲು ತೆಗೀತಾನೆ. ಅವನಿಗೆ ಈ ಗೋಂದಿನ ಮರ ಯಾವ್ದು ಅಂತಾನೂ ತಿಳೀದು."

ಹೆತ್ತವಳ ಹೆಮ್ಮೆಯನ್ನು ಜೆಯಂತಿ ಹೇಳಿಕೆಯಾಗಿ ಬರೆದುಕೊಂಡಳು. ಚಿಪ್ಪಿನ ಗೋಂದನ್ನು ಮುದ್ದೆಮಾಲಿಗೆ ಸೇರಿಸಿದಳು.

ಮಾಟ್ಟುಪೊಂಗಲಿನ ಹಿಂದಿನ ಸಂಜೆ ಆರು ಗಂಟೆಗೆ ಶಿವಬಾಲನ್ ಸಿಕ್ಕಿಬಿದ್ದ. ಚಿಪ್ಪನ್ನು ಮೇಜಿನ ಮೇಲಿಟ್ಟದ್ದೇ ಅವನು ತಲೆ ತಗ್ಗಿಸಿದ.

"ಅಂಗಡಿ ಗಮ್ಮು ಹಚ್ಚಿದ್ರೆ ಸಿಕ್ಕಿಬೀಳ್ತಾ ಇರ್ಲಿಲ್ಲ ಅಣ್ಣಾ," ಎಂದಳು ಜೆಯಂತಿ.

"ಅದರಲ್ಲಿ ಏನ್ ಬೆರೆಸಿರ್ತಾರೋ. ಸಾಮಿ ಹೆಸರು ಬರ್ದಿರೋ ಕಾಗಿದ ತಂಗೀ. ಮನುಸರಿಗೆ ಪೊಯ್ ಹೇಳಿದೆ. ಸಾಮಿ ಮಾಡಿಗೆ ಎಂಜಲು ಮಾಡಾಕೆ ಮನಸ್ ಬರ್ಲಿಲ್ಲ."

"ಲಕ್ಷ್ಮಣನ್ ಏನ್ ಮಾಡಿದ್ದ ನಿಮ್ಗೆ?"

"ಏನೂ ಮಾಡಿಲ್ಲ. ಅದೇ." ಅವನ ದನಿ ಏರಿತು. "ಸಗಣಿ ನಾನ್ ಬಾಚ್ತೀನಿ, ಹುಣ್ಣಿಗೆ ಮದ್ದು ನಾನ್ ಹಚ್ತೀನಿ. ಪಟ್ಟದ ದಿನ ಬಿಳಿ ವೇಷ್ಟಿ ಉಟ್ಕೊಂಡು ಅವನ್ ಬತ್ತಾನೆ. ಎಲ್ಲಾರೂ ಅವನ್ ಕಾಲಿಗೆ ಬೀಳ್ತಾರೆ. ನಾನೂ ಬೀಳ್ಬೇಕು."

ಬಂಧನ ಪತ್ರಕ್ಕೆ ಸಹಿ ಬಿತ್ತು. ಕೇಸ್ ಡೈರಿಯಲ್ಲಿ ಪ್ರೇರಣೆ ಎಂಬಲ್ಲಿ ಜೆಯಂತಿ ಬರೆದದ್ದು ಎರಡೇ ಪದ: ದಾಯಾದಿ ಮತ್ಸರ.

ಬೆಳಿಗ್ಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗುವ ಹೊತ್ತಿಗೆ ಅಳಗರ್ ತೊಳುವಿನ ಬಂದೋಬಸ್ತು ಮುಗಿಸಿ ಬಂದ. ಕೈಯಲ್ಲಿ ಶಿವಬಾಲನಿಗೆಂದು ಬಾಳೆಲೆ ಸುತ್ತಿ ತಂದ ಪೊಂಗಲ್. ಶಿವಬಾಲನ್ ಲಾಕಪ್ಪಿನ ಕಂಬಿ ಹಿಡಿದು ಎದ್ದು ನಿಂತ.

"ಬಾಗಿಲ ಅಗಳಿ ಬಂತಾ?"

"ಎಲ್ಲಿ ಬಂತು!" ಅಳಗರ್ ನಕ್ಕ. "ಲಕ್ಷ್ಮಣನ್ ಅರ್ಧ ಗಂಟೆ ಜಗ್ಗಿದರು. ಅಂಗೈ ತರಚಿಹೋಯಿತು. ಬೀಗ ಮಾರುವವರಿಗೆ ಒಂದು ಅಗಳಿ ತೆಗೆಯೋಕೆ ಆಗಲಿಲ್ಲ. ಕೊನೆಗೆ ಗಡಾರಿ ತಂದರು."

"ಎಡಗಾಲಲ್ಲಿ ಕೆಳಗಿಂದ ಎತ್ತಿ ಎಳೀಬೇಕು," ಎಂದ ಶಿವಬಾಲನ್. ಹಬ್ಬಕ್ಕೆ ಹೊಸ ಬಟ್ಟೆ ಸಿಕ್ಕ ಮಗುವಿನಂತೆ ಅವನ ಮುಖವೆಲ್ಲ ನಗು. "ಅದು ನಂಗೊಬ್ನಿಗೇ ಗೊತ್ತು. ವರ್ಸಾ ವರ್ಸಾ ನಾನೇ ಮುಂಚೆ ಸಡಿಲ ಮಾಡಿಡ್ತಿದ್ದೆ. ಹೇಳಲ್ಲ, ಯಾರ್ಗೂ ಹೇಳಲ್ಲ." ಮತ್ತೆ ಕೇಳಿದ: "ಹೋರಿ? ಹೋರಿ ಹೊರಗೆ ಬರ್ಲಿಲ್ಲ ಅಲ್ವಾ?"

ಅಳಗರ್ ಜೆಯಂತಿಯ ಮುಖ ನೋಡಿದ.

"ಬಂತು ಅಣ್ಣಾ," ಎಂದ ಅಳಗರ್. "ಅವರು ಕಬ್ಬು ಹಿಡಿದಿದ್ದರು. ತಿನ್ನುತ್ತಾ ಅವರ ಹಿಂದೆಯೇ ಹೋಯಿತು. ಊರೆಲ್ಲ ಸುತ್ತಿತು."

ಕಂಬಿಯ ಮೇಲಿದ್ದ ಶಿವಬಾಲನ ಕೈ ಸಡಿಲವಾಯಿತು. ಅವನು ಗೋಡೆಯ ಕಡೆ ತಿರುಗಿ ಕೂತ.

"ಸಾಮಿ ಮಾಡು ಅದು," ಎಂದ. "ಯಾರ್ ಕೊಟ್ರೂ ತಿಂತದೆ."

ಜೀಪು ಹೊರಡುವಾಗಲೂ ಪೊಂಗಲ್ ಹಾಗೆಯೇ ಇತ್ತು.