ಅರ್ಧ ಸುತ್ತು

"ಅಲ್ಲೇ ನಿಲ್ರಿ! ಒಂದು ಹೆಜ್ಜೆನೂ ಮುಂದ ಇಡಬ್ಯಾಡ್ರಿ!"

ಕಸ್ತೂರಿ ಬೆಚ್ಚಿಬಿದ್ದು ನಿಂತಳು. ಲೋಟ ನಡುಗಿ ಬಿಸಿ ಚಹಾ ಬೆರಳ ಮೇಲೆ ಚೆಲ್ಲಿತು. ಉರಿಯಿತು. ಆದರೂ ಅವಳು ಕೈ ಕೊಡವಲಿಲ್ಲ.

ಹತ್ತಿ ಗೋದಾಮಿನ ನಡುವೆ ಆ ಕೆಂಪು ಕಾರು ಮರದ ದಿಮ್ಮಿಗಳ ಮೇಲೆ ಮೂತಿ ಎತ್ತಿಕೊಂಡು ನಿಂತಿತ್ತು. ಅದರ ಕೆಳಗಿಂದ ತೆವಳಿಕೊಂಡು ಹೊರಬಂದವನ ಮುಖ ಕಂಡದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಮುರುಗೇಶ!

ಹನ್ನೊಂದು ತಿಂಗಳಾಗಿತ್ತು ಈ ಮುಖ ನೋಡಿ. ಇನ್ನು ಈ ಜನ್ಮದಲ್ಲಿ ನೋಡುವುದಿಲ್ಲ ಅಂತ ಅವಳು ಆಣೆ ಇಟ್ಟುಕೊಂಡಿದ್ದಳು. ಈಗ ನೋಡಿದ ಮೊದಲ ಗಳಿಗೆಯಲ್ಲೇ, ಎಷ್ಟು ಬಡವಾಗಿದ್ದಾನೆ ಅಂತ ಅವಳ ಮನಸ್ಸು ಅಳೆಯುತ್ತಿತ್ತು. ಮನಸ್ಸಿಗೆ ಆಣೆಯ ಹಂಗು ಎಲ್ಲಿರುತ್ತದೆ ಹೇಳಿ!

"ಚಹಾ ತಂದವ್ರನ್ನ ಹಿಂಗ ಬೈತಾರೇನ್ರಿ?" ದನಿಯನ್ನು ಗಟ್ಟಿ ಮಾಡಿಕೊಂಡು ಕೇಳಿದಳು.

"ಬೈಲಿಲ್ಲ... ಹೆದರ್ಕೊಂಡೆ." ಅವನು ಎಡಗಡೆ ಚಕ್ರವಿರಬೇಕಾದ ಜಾಗದತ್ತ ಬೆರಳು ತೋರಿಸಿದ. ಅಲ್ಲಿ ತೊಡೆಯಷ್ಟು ದಪ್ಪದ ಉಕ್ಕಿನ ಸ್ಪ್ರಿಂಗು ಒಂದು ತಟ್ಟೆಯ ಮೇಲೆ ಅದುಮಿ ಕೂತಿತ್ತು. "ಬೋಲ್ಟ್ ಅರ್ಧ ಸಡಿಲ ಮಾಡೀನಿ. ಈ ಸ್ಪ್ರಿಂಗ್ ಹಾರಿದ್ರೆ ಗ್ವಾಡಿನೇ ತೂತಾಗ್ತೈತೆ. ನೀವು ನಿಂತಿದ್ದು ಅದರ ಎದುರಿಗೆ."

ಕಸ್ತೂರಿ ಮೆಲ್ಲಗೆ ಪಕ್ಕಕ್ಕೆ ಸರಿದಳು.

ಈ ಕಾರನ್ನು ಕಂಡರೆ ಅವಳಿಗೆ ಮೊದಲೇ ಭಯ. ಕನಸಿನಲ್ಲಿ ಎಷ್ಟೋ ಸಲ ಇದರ ಚಕ್ರ ಕಾಲು ಮುರಿದ ದನದ ಹಾಗೆ ಒಳಕ್ಕೆ ಮಡಚಿಕೊಂಡು ಬೀಳುತ್ತಿತ್ತು, ಅವಳು ಕಿರುಚಿಕೊಂಡು ಏಳುತ್ತಿದ್ದಳು.

ದಾವಣಗೆರೆಯ ಹತ್ತಿ ವ್ಯಾಪಾರಿ ನಾಗರಾಜಪ್ಪನವರ ಮಗಳು ಕಸ್ತೂರಿ. ಅವಳ ಅಣ್ಣ ಲಿಂಗಣ್ಣನಿಗೆ ಕಾರಿನ ಹುಚ್ಚು. ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಇಂಜಿನಿಯರ್ ಕೈಯಿಂದ, ೧೯೫೯ರಲ್ಲಿ, ಈ ಎರಡೇ ಸೀಟಿನ ಓಟದ ಕಾರನ್ನು ಕೊಂಡು ತಂದಿದ್ದ. ಹರಿಹರದ ಮಷಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮುರುಗೇಶ ಅವನ ಶಾಲೆಯ ಗೆಳೆಯ. ಭಾನುವಾರ ಬಂದು ಕಾರಿನ ಸೇವೆ ಮಾಡಿ ಹೋಗುವನು. ಕಾರಿನ ಸೇವೆಗೆ ಬಂದವನ ಕಣ್ಣು ಅಡುಗೆಮನೆ ಬಾಗಿಲ ಕಡೆ ಯಾಕೆ ಹೊರಳುತ್ತದೆ ಎನ್ನುವುದು ಮನೆಯವರಿಗೂ ತಿಳಿಯಿತು. ಹಿರಿಯರು ಕೂತು ಮಾತಾಡಿದರು. ಮದುವೆ ಗಟ್ಟಿಯಾಗುವುದರಲ್ಲಿತ್ತು.

ಅಷ್ಟರಲ್ಲಿ, ಹರಿಹರದ ಹೊಳೆಯ ಸೇತುವೆಗೆ ಸ್ವಲ್ಪ ಈಚೆ, ಕಾರಿನ ಎಡಗಡೆ ಚಕ್ರ ಮುರಿದು ಮಡಚಿತು. ಲಿಂಗಣ್ಣನ ಕಾಲು ಎರಡು ಕಡೆ ಮುರಿಯಿತು. ಇವತ್ತಿಗೂ ಅವನು ಕೋಲಿಲ್ಲದೆ ನಡೆಯಲಾರ, ಮೊಣಕಾಲು ಮಡಚಿ ಕೂರಲಾರ.

ಚಕ್ರ ತಿರುಗುವ ಪಿನ್ನು ಗ್ರೀಸಿಲ್ಲದೆ ಒಣಗಿ ಮುರಿದಿದೆ ಎಂದರು ನೋಡಿದವರು. ಒಂದು ವಾರದ ಹಿಂದಷ್ಟೇ ಗ್ರೀಸ್ ಹೊಡೆದವನು ಮುರುಗೇಶ. ಕೇಳಿದ್ದಕ್ಕೆ ತಲೆ ತಗ್ಗಿಸಿ ನಿಂತು, "ತಪ್ಪು ನಂದೇ" ಅಂದನೇ ಹೊರತು ಇನ್ನೊಂದು ಮಾತು ಆಡಲಿಲ್ಲ.

ಮಾತುಕತೆ ಅಲ್ಲಿಗೇ ಮುರಿಯಿತು. ಕಸ್ತೂರಿ ಅವನನ್ನು ಮನಸಾರೆ ದ್ವೇಷಿಸಿದಳು. ಅಥವಾ ಹಾಗೆಂದುಕೊಂಡಳು.

ಈಗ ಲಿಂಗಣ್ಣ ಹಟ ಹಿಡಿದಿದ್ದ. "ಕಾರು ಎದ್ದು ನಿಲ್ಲಬೇಕು. ಮುರುಗೇಶನೇ ಬರಬೇಕು, ಬ್ಯಾರೆ ಯಾರೂ ಮುಟ್ಟಾದು ಬ್ಯಾಡ." ವರ್ಷವಿಡೀ ಗೋಡೆ ನೋಡುತ್ತ ಮಲಗಿದ್ದ ಮಗ ಬಾಯಿಬಿಟ್ಟು ಕೇಳಿದ್ದು ಇದೊಂದೇ. ನಾಗರಾಜಪ್ಪ ಇಲ್ಲ ಎನ್ನಲಾರದೆ ಒಪ್ಪಿ, ಒಂದೇ ಷರತ್ತು ಹಾಕಿದ್ದರು. ಕಾರು ಎದ್ದ ದಿನವೇ ಕೊನೆ. ಆಮೇಲೆ ಮುರುಗೇಶ ಈ ಮನೆಯ ಹೊಸ್ತಿಲು ತುಳಿಯಕೂಡದು. ಅವನನ್ನೇ ಕರೆಸಿದ್ದಾರೆಂದು ಮಾತ್ರ ಯಾರೂ ಕಸ್ತೂರಿಗೆ ಹೇಳಿರಲಿಲ್ಲ.

"ಕಸ್ತೂರೀ," ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಲಿಂಗಣ್ಣ ಕರೆದ. "ಇನ್ನೊಂದು ಸ್ಪ್ಯಾನರ್ ನೀನು ಹಿಡಿ. ನನಗ ಬಗ್ಗಾಕ ಆಗಲ್ಲ."

"ನಾನಾ?!"

"ಇದಕ್ಕ ಎರಡು ಜನ ಬೇಕು," ಅಂದ ಮುರುಗೇಶ, ಅವಳ ಮುಖ ನೋಡದೆ. "ಮೂಲೆಯ ಎರಡು ಬೋಲ್ಟ್ ತೆಗೆದು ಗೇಣುದ್ದದ ಬೋಲ್ಟ್ ಹಾಕೀನಿ. ಅವನ್ನ ಒಟ್ಟಿಗೆ ಸಡಿಲ ಮಾಡ್ತಾ ತಟ್ಟೆನ ಕೆಳಗ ಇಳಿಸಬೇಕು. ನಾನು ಅರ್ಧ ಸುತ್ತು, ನೀವು ಅರ್ಧ ಸುತ್ತು. ಒಂದು ಕಡೆ ಹೆಚ್ಚಾದ್ರೆ ತಟ್ಟೆ ವಾಲ್ತೈತೆ. ವಾಲಿದ್ರೆ..."

"ಹಾರ್ತೈತೆ."

"ಹ್ಞೂಂ."

ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಅಂಗೈ ಬೆವರಿ ಸ್ಪ್ಯಾನರ್ ಜಾರುತ್ತಿತ್ತು.

"ಅರ್ಧ ಸುತ್ತು," ಅಂದ ಅವನು.

ತಿರುಗಿಸಿದಳು. ಸ್ಪ್ರಿಂಗು ಕಿರ್ರೆಂದಿತು. ಅಯ್ಯೋ ಶಿವನೇ!

"ಹೆದರಬ್ಯಾಡ್ರಿ. ಈಗ ನಂದು." ಅವನು ತಿರುಗಿಸಿದ. "ಈಗ ನಿಮ್ದು... ಅರ್ಧ ಸುತ್ತು."

ಅಷ್ಟರಲ್ಲಿ ಕಾಟನ್ ಮಿಲ್ಲಿನ ಸೈರನ್ ಕೂಗಿತು! ಕಸ್ತೂರಿಯ ಕೈ ಬೆದರಿ ಒಂದು ಪೂರ್ತಿ ಸುತ್ತು ತಿರುಗಿಬಿಟ್ಟಿತು. ತಟ್ಟೆ ಢಣ್ಣೆಂದು ವಾಲಿತು.

ಅವನು ಓಡಲಿಲ್ಲ. ತನ್ನ ಹೆಗಲನ್ನು ಸ್ಪ್ರಿಂಗಿಗೂ ಅವಳಿಗೂ ನಡುವೆ ತಂದು, ಉಸಿರು ಬಿಗಿಹಿಡಿದು ತನ್ನ ಕಡೆಯ ಬೋಲ್ಟನ್ನು ಸರಸರ ತಿರುಗಿಸಿದ. ತಟ್ಟೆ ಮತ್ತೆ ಸಮಕ್ಕೆ ಬಂತು.

"ಏನೂ ಆಗಿಲ್ಲ..." ಅವನ ದನಿಯೂ ನಡುಗುತ್ತಿತ್ತು. "ಈಗ ನಿಮ್ದು. ನಿಧಾನ."

ಇಂಥವನು ನನ್ನ ಅಣ್ಣನ ಕಾರಿಗೆ ಗ್ರೀಸ್ ಹಚ್ಚುವುದನ್ನು ಮರೆತನೇ? ಆ ಪ್ರಶ್ನೆ ಅವತ್ತು ಅವಳ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ.

ಮುಂದಿನ ಭಾನುವಾರ ಎಡಗಡೆಗೆ ಹೊಸ ಪಿನ್ನು, ಅದು ತಿರುಗುವ ಹಿತ್ತಾಳೆ ಕೊಳವೆ ಬುಷ್ ಎಲ್ಲ ಕೂತವು. ಪಿನ್ನನ್ನು ಅವನೇ ಹರಿಹರದಲ್ಲಿ ಲೇತಿನ ಮೇಲೆ ಕಡೆದು ತಂದಿದ್ದ. ಬಲಗಡೆ ಬಿಚ್ಚುವ ಹೊತ್ತಿಗೆ ಲಿಂಗಣ್ಣ ಊಟಕ್ಕೆದ್ದು ಹೋಗಿದ್ದ.

"ಸ್ವಲ್ಪ ಸೀಮೆಎಣ್ಣೆ ತಂದುಕೊಡ್ರಿ," ಅಂದ ಮುರುಗೇಶ.

ಹೋದವಳಿಗೆ ಅಂಗಳದಲ್ಲೇ ಡಬ್ಬಿ ಸಿಕ್ಕಿತು. ಬೇಗ ತಿರುಗಿ ಬಂದಳು. ಬಂದವಳು ನೋಡಿದ್ದೇನು? ಅವನು ಬಲಗಡೆ ಪಿನ್ನಿನಿಂದ ಏನೋ ಸಣ್ಣದೊಂದನ್ನು ಬಿಚ್ಚಿ, ಆಚೀಚೆ ನೋಡಿ, ಅಂಗಿ ಜೇಬಿಗೆ ಹಾಕಿಕೊಂಡ!

ಅವಳ ಮೈಯೆಲ್ಲ ತಣ್ಣಗಾಯಿತು. 'ಕಳ್ಳ! ತನ್ನ ತಪ್ಪಿನ ಗುರುತು ಅಳಿಸಾಕೇ ಬಂದಾನ ಇವನು!'

"ಜೇಬಿನಾಗ ಏನೈತೆ?"

ಅವನ ಮುಖ ಬಿಳಿಚಿತು. "ಏನಿಲ್ಲ."

"ತೋರ್ಸ್ರಿ."

"ಕಸ್ತೂರಿಯವ್ರೆ... ಬ್ಯಾಡ. ನಿಮ್ಮ ಕೈ ಮುಗೀತೀನಿ, ಕೇಳಬ್ಯಾಡ್ರಿ."

"ನಮ್ಮಣ್ಣನ ಕಾಲು ಮುರಿದೋರು ನೀವು! ತೋರಿಸ್ಲಿಲ್ಲ ಅಂದ್ರೆ ಅಪ್ಪಾಜಿನ ಕೂಗ್ತೀನಿ. ಅಪ್ಪಾ..."

ಅವನು ಅಂಗೈ ಬಿಡಿಸಿದ.

ಹುಣಸೆ ಬೀಜದಷ್ಟು ಹಿತ್ತಾಳೆಯ ಗುಂಡಿ. ಗ್ರೀಸ್ ಗನ್ನು ಹಚ್ಚುವ ಮೂತಿ ಅದು. ಅದರ ತೂತು ಮುಚ್ಚಿಹೋಗಿತ್ತು. ಕಲ್ಲಿನಂತೆ ಗಟ್ಟಿಯಾದ ಬಿಳಿ. ಬಿಳಿಯ ನಡುವೆ ಕಪ್ಪಾಗಿ ಒಣಗಿದ ಒಂದು ಕೆಂಪು ಚುಕ್ಕೆ.

ವಿಭೂತಿ. ಕುಂಕುಮ.

ಸೀಮೆಎಣ್ಣೆ ಡಬ್ಬಿಯನ್ನು ನೆಲಕ್ಕಿಟ್ಟು ಕಸ್ತೂರಿ ಹತ್ತಿರ ಬಗ್ಗಿದಳು.

ಪ್ರತಿ ಸೋಮವಾರ ಮಿಂದು ಮಡಿಯುಟ್ಟು ಅವಳು ಕಾರಿಗೆ ಪೂಜೆ ಮಾಡುತ್ತಿದ್ದಳು. ಬಾನೆಟ್ಟಿಗೆ, ಚಕ್ರಕ್ಕೆ, ಆಮೇಲೆ ಕೈ ಒಳಗೆ ತೂರಿಸಿ ಚಕ್ರದ ಹಿಂದಿನ ಆ ಪುಟ್ಟ ಗುಂಡಿಗೆ. ಉದುರಬಾರದೆಂದು ವಿಭೂತಿಯನ್ನು ಹರಳೆಣ್ಣೆಯಲ್ಲಿ ಕಲಸಿ ಒತ್ತಿ ಹಚ್ಚುತ್ತಿದ್ದಳು. ಅಣ್ಣ ಒಮ್ಮೆ ನಗುತ್ತ, "ಇದು ಕಾರಿನ ಬಾಯಿ ಕಣೇ, ಇಲ್ಲಿಂದ್ಲೇ ಉಣ್ಣಾದು" ಅಂದಿದ್ದ. ಉಣ್ಣುವ ಬಾಯಿಗೆ ದೇವರ ರಕ್ಷೆ ಇರಲಿ ಅಂತ ಇವಳು!

ಅಣ್ಣನಿಗೆ ಏನೂ ಆಗದಿರಲಿ ಅಂತಲೇ ಹಚ್ಚಿದ್ದಳಲ್ಲ... ಅಯ್ಯೋ!

"ನಾನು..." ಅವಳು ಅಲ್ಲೇ ನೆಲಕ್ಕೆ ಕುಸಿದಳು. "ನಾನೇ... ನಮ್ಮಣ್ಣನ್ನ..."

"ಅಲ್ಲ!" ಅವನು ಎದುರಿಗೆ ಕೂತ. "ಕೇಳ್ರಿ ಇಲ್ಲಿ. ಗನ್ ಹಚ್ಚೋಕೆ ಮುಂಚೆ ಅರಿವಿ ತಗಂಡು ಒರೆಸಿ ನೋಡಬೇಕು. ಅದು ಮೊದಲ್ನೇ ಪಾಠ. ಅವತ್ತು ನಾನು ಒರೆಸ್ಲಿಲ್ಲ. ಗ್ರೀಸು ಪಕ್ಕಕ್ಕ ಉಕ್ಕಿ ಬಂತು, ಒಳಗ ತುಂಬೈತೆ ಅಂದ್ಕೊಂಡೆ. ಯಾಕ ಒರೆಸ್ಲಿಲ್ಲ ಗೊತ್ತೇನು? ನೀವು ಬಾಗಿಲಾಗ ನಿಂತು ಮಂಡಕ್ಕಿ ತಿನ್ನಾಕ ಕರೀತಿದ್ರಿ."

ಅಳುತ್ತಲೇ ಅವಳು ತಲೆ ಎತ್ತಿದಳು.

"ಎಡಗಡೆದ್ದು ಅವತ್ತೇ ನೋಡಿದ್ರಾ?"

"ಹ್ಞೂಂ. ಸುದ್ದಿ ಕೇಳಿ ಮೊದ್ಲು ಓಡಿ ಹೋದೋನು ನಾನೇ. ಲಿಂಗಣ್ಣನ್ನ ಆಸ್ಪತ್ರೆಗೆ ಕಳಿಸಿ, ತಿರುಗಿ ಬಂದು ಅದನ್ನ ಬಿಚ್ಚಿ ಹೊಳೆಗೆ ಎಸೆದೆ."

"ಯಾಕ?"

"ನಿಮ್ಮ ಹೆಸರು ಬರಬಾರ್ದು ಅಂತ. ಹೆಣ್ಣುಮಗಳು ಮುಟ್ಟಿ ಅಪಶಕುನ ಆತು ಅಂತ ಊರು ಆಡ್ಕೊಳ್ತಿತ್ತು. ನನಗಾದ್ರೆ ಏನು... ಬೈಸ್ಕೊಂಡೆ, ಆತು."

"ನನ್ನನ್ನೂ ಕಳ್ಕೊಂಡ್ರಿ!" ಅವಳು ಚೀರಿದಳು.

ಅವನ ಅಂಗೈಯಿಂದ ಆ ಗುಂಡಿಯನ್ನು ಕಸಿದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅವನ ಕಣ್ಣು ತುಂಬಿತ್ತು.

"ಯಾರಿಗೂ ಹೇಳಬ್ಯಾಡ್ರಿ," ಅಂದ. "ನಾಳೆ ಸೋಮವಾರ ರಜಾ ಹಾಕಿ ಬರ್ತೀನಿ. ಕಾರು ಎಬ್ಬಿಸಿ, ಹರಿಹರದ ತನಕ ಓಡಿಸಿ ನೋಡಿ, ತಂದು ನಿಲ್ಲಿಸಿ ಹೋಗಿಬಿಡ್ತೀನಿ."

ಹೋಗಿಬಿಡ್ತೀನಿ... ಆ ಒಂದು ಮಾತು ಅವಳನ್ನು ಸ್ಪ್ರಿಂಗಿಗಿಂತ ಹೆಚ್ಚು ಹೆದರಿಸಿತು.

ಮರುದಿನ ಬೆಳಿಗ್ಗೆ ಕಾರು ನಾಲ್ಕು ಚಕ್ರದ ಮೇಲೆ ಅಂಗಳದಲ್ಲಿ ನಿಂತಿತ್ತು. ಲಿಂಗಣ್ಣ ಕೋಲು ಹಿಡಿದು ಅದರ ಸುತ್ತ ಮೂರು ಸಲ ನಡೆದ. ನಾಗರಾಜಪ್ಪ ಜಗಲಿಯ ಮೇಲೆ ಮುಖ ಗಂಟಿಕ್ಕಿ ನಿಂತಿದ್ದರು. ಮುರುಗೇಶ ಅವರಿಗೆ ಕೈ ಮುಗಿದು ಕಾರು ಹತ್ತಲು ಹೊರಟ.

"ಅಪ್ಪಾಜೀ!"

ಕಸ್ತೂರಿ ಮುಂದೆ ಬಂದಳು. ಹೇಳಿದರೆ ಅಪ್ಪ ಏನೆನ್ನುತ್ತಾರೋ? ಅಣ್ಣ ಇನ್ನು ನನ್ನ ಮುಖ ನೋಡುತ್ತಾನೋ ಇಲ್ಲವೋ? ಹೇಳದಿದ್ದರೆ... ಇವನು ಹೋಗುತ್ತಾನೆ.

ಸೆರಗಿನ ಗಂಟು ಬಿಚ್ಚಿ ಆ ಹಿತ್ತಾಳೆಯ ಗುಂಡಿಯನ್ನು ಅಪ್ಪನ ಕೈಗಿಟ್ಟಳು. ಎಲ್ಲವನ್ನೂ ಹೇಳಿದಳು. ನಡುವೆ ಎರಡು ಸಲ ದನಿ ಒಡೆಯಿತು, ಎರಡು ಸಲವೂ ಮತ್ತೆ ಶುರು ಮಾಡಿದಳು.



ಮೊದಲು ಮಾತಾಡಿದವನು ಲಿಂಗಣ್ಣ. "ಬಾಯಿ ಅಂತ ತೋರಿಸಿದೋನು ನಾನೇ ಅಲ್ಲೇನೇ?" ಅಂದ ಮೆಲ್ಲಗೆ. ಆಮೇಲೆ ಗೆಳೆಯನ ಕಡೆ ತಿರುಗಿದ. "ಮಗನೇ... ಒಂದು ವರ್ಷ ನೀನು ನನಗೂ ಹೇಳಲಿಲ್ಲ. ನಾನೂ ಮನಸಿನಾಗ ನಿನ್ನ ಎಷ್ಟು ಸಲ ಬೈದೀನಿ ಗೊತ್ತಾ?" ಕೋಲನ್ನು ಬಿಟ್ಟು ಅವನ ಹೆಗಲಿಗೆ ಒರಗಿದ.

ನಾಗರಾಜಪ್ಪ ಆ ಗುಂಡಿಯನ್ನು ಬಹಳ ಹೊತ್ತು ನೋಡಿದರು. ತಿರುಗಿ ಒಳಗೆ ಹೋದರು. ಕಸ್ತೂರಿಯ ಜೀವ ಬಾಯಿಗೆ ಬಂತು. ಅವರು ವಿಭೂತಿಯ ತಟ್ಟೆ ಹಿಡಿದು ಹೊರಬಂದರು.

"ಸೋಮವಾರ ಇವತ್ತು. ಪೂಜೆ ಇಲ್ದೆ ಗಾಡಿ ಹೊರಡಬಾರ್ದು," ಅಂದರು. ತಟ್ಟೆಯನ್ನು ಮಗಳಿಗೇ ಕೊಟ್ಟರು.

"ಬ್ಯಾಡ ಅಪ್ಪಾಜಿ! ನಾನು ಮುಟ್ಟಲ್ಲ. ನನಗ ಹೆದ್ರಿಕೆ ಆಗ್ತೈತೆ..."

ಮುರುಗೇಶ ಹತ್ತಿರ ಬಂದ. "ಬಾನೆಟ್ಟಿಗೆ ಹಚ್ರಿ. ಚಕ್ರದ ಹಿಂದೆ ಮಾತ್ರ ಬ್ಯಾಡ." ಸ್ವಲ್ಪ ತಡೆದು, ಎಲ್ಲರೆದುರೇ ತಲೆ ಬಗ್ಗಿಸಿದ. "ಉಳಿದಿದ್ದು... ಇಲ್ಲಿ ಹಚ್ರಿ."

ಅವಳ ಮೂರು ಬೆರಳು ಅವನ ಹಣೆಯ ಮೇಲೆ ಹರಿದವು. ನಾಗರಾಜಪ್ಪ ಅತ್ತ ಮುಖ ತಿರುಗಿಸಿ ಸುಮ್ಮನೆ ಕೆಮ್ಮಿದರು.

"ಹರಿಹರದ ತನಕ ಹೋಗಿ ಬರ್ತೀನಿ ಯಜಮಾನ್ರೇ," ಅಂದ ಮುರುಗೇಶ.

"ನಾನೂ ಬರ್ತೀನಿ," ಅಂದಳು ಕಸ್ತೂರಿ. ಹೇಳಿದ ಮೇಲೆ ಅವಳಿಗೇ ಗಾಬರಿ. "ಅದು ಮುರಿದ್ರೆ... ಒಬ್ರೇ ಇರಬಾರ್ದು."

ಅಪ್ಪ ಬೇಡ ಅನ್ನಲಿಲ್ಲ. "ಮಧ್ಯಾಹ್ನ ಊಟಕ್ಕೆ ಇಬ್ರೂ ಇಲ್ಲೇ ಇರಬೇಕು," ಅಂದರು. 'ಇಬ್ರೂ' ಅಂದರು! ಷರತ್ತಿನ ಮಾತು ಆಮೇಲೆ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ದಾರಿಯುದ್ದಕ್ಕೂ ಕಸ್ತೂರಿ ಎಡಗಡೆ ಚಕ್ರದ ಸದ್ದನ್ನೇ ಕೇಳುತ್ತ ಕೂತಿದ್ದಳು. ಹಳ್ಳ ಬಂದಾಗ ಕಣ್ಣು ಮುಚ್ಚುವಳು. ಸ್ಪ್ರಿಂಗು ತಗ್ಗಿ, ಎದ್ದು, ಸುಮ್ಮನಾಗುವುದು.

ಹರಿಹರದ ಸೇತುವೆ ದೂರದಲ್ಲಿ ಕಂಡಿತು. ಅದೇ ಜಾಗ. ಅವಳು ಬಾಗಿಲನ್ನು ಗಟ್ಟಿಯಾಗಿ ಹಿಡಿದಳು.

"ನಿಲ್ಲಿಸ್ಲಾ?" ಕೇಳಿದ ಅವನು.

"ಬ್ಯಾಡ. ನಿಧಾನ ಹೋಗ್ರಿ."

"ಅರ್ಧ ಸುತ್ತು, ಅರ್ಧ ಸುತ್ತು..." ಅವನು ಮೆಲ್ಲಗೆ ಎಣಿಸತೊಡಗಿದ. ಅವಳ ತುಟಿಯೂ ಅದನ್ನೇ ಎಣಿಸಿತು. ಆ ಜಾಗ ದಾಟಿತು. ಸೇತುವೆ ಬಂತು. ಕೆಳಗೆ ತುಂಗಭದ್ರೆ ಬಿಸಿಲಿಗೆ ಬೆಳ್ಳಗೆ ಹರಿಯುತ್ತಿತ್ತು.

ಆಚೆ ದಡದಲ್ಲಿ ಅವನು ಕಾರು ನಿಲ್ಲಿಸಿದ. ಇಳಿದು, ಚಕ್ರದ ಹತ್ತಿರ ಬಗ್ಗಿ, ಅರಿವೆಯಿಂದ ಒರೆಸಿ ನೋಡಿ ಬಂದ.

"ಈಗಾದ್ರೂ ಹೆದ್ರಿಕೆ ಹೋತಾ?"

ಅವಳು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಇಲ್ಲ. ಹಂಗೇ ಐತೆ."

"ಮತ್ತೇನು ಮಾಡಾಣ?"

"ಇರ್ಲಿ ಬಿಡ್ರಿ," ಅಂದಳು ಕಸ್ತೂರಿ, ಗ್ರೀಸ್ ಹತ್ತಿದ ಅವನ ಕೈಯನ್ನು ಹಿಡಿದು. "ಅದೂ ಇರ್ಲಿ... ನೀವೂ ಇರ್ರಿ."